ಬಾಕಿ ಕೇಳಿದರೆ ಗಿರಾಕಿ ಹೋಗುತ್ತಾರಾ?

ಪ್ರಶ್ನೆ: ಸಣ್ಣ ಊರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ. ವ್ಯಾಪಾರ ಚೆನ್ನಾಗಿದೆ, ಕೈಯಲ್ಲಿ ದುಡ್ಡಿಲ್ಲ. ಎಲ್ಲರೂ ಪರಿಚಯದವರೇ. ಬಾಕಿ ಕೇಳಿದರೆ ಮುನಿಸಿಕೊಂಡು ಬೇರೆ ಅಂಗಡಿಗೆ ಹೋದಾರೆಂಬ ಭಯ. ಏನು ಮಾಡಲಿ?

ಉತ್ತರ: ಕೇಳದಿದ್ದರೂ ಹೋಗುತ್ತಾರೆ, ಸ್ವಾಮಿ. ನಾನೂ ಇದೇ ವ್ಯಾಪಾರದವನು, ಕಂಡದ್ದನ್ನು ಹೇಳುತ್ತೇನೆ. ಬಾಕಿ ಬೆಳೆದವನು ಮೊದಲು ಅಂಗಡಿ ಮುಂದೆ ಹಾಯುವಾಗ ಮುಖ ತಿರುಗಿಸುತ್ತಾನೆ, ಆಮೇಲೆ ಬೀದಿಯನ್ನೇ ಬದಲಿಸುತ್ತಾನೆ. ಮೊಳೆ, ಪೇಂಟು ಬೇಕಾದರೆ ಇನ್ನೊಂದು ಅಂಗಡಿಯಲ್ಲಿ ನಗದು ಕೊಟ್ಟು ಒಯ್ಯುತ್ತಾನೆ. ಸಾಲ ನಿಮ್ಮಲ್ಲಿ, ನಗದು ಅಲ್ಲಿ! ದೊಡ್ಡ ಊರಲ್ಲಾದರೆ ಒಬ್ಬ ಹೋದರೆ ಇನ್ನೊಬ್ಬ ಬಂದಾನು. ನಮ್ಮಂಥ ಕಡೆ ಹೋದವನ ಹಿಂದೆ ಅವನ ಷಡ್ಡಕ, ಭಾವಮೈದುನರೂ ಹೋಗುತ್ತಾರೆ.

ಲೆಕ್ಕವನ್ನೂ ನೋಡಿ. ನೂರಕ್ಕೆ ಹತ್ತು ಲಾಭವಿಟ್ಟು ಮಾರುವವರಿಗೆ 1,000ದ ಬಾಕಿ ಮುಳುಗಿದರೆ ಅದರಲ್ಲಿ ಹೋದ ಅಸಲು 900. ಅಷ್ಟನ್ನು ಮತ್ತೆ ದುಡಿಯಲು 9,000ದ ಮಾಲು ಹೊಸದಾಗಿ ಮಾರಬೇಕು. ಬಾಡಿಗೆ, ಕರೆಂಟು ಇನ್ನೂ ಹಿಡಿದಿಲ್ಲ.

ಹಾಗಾಗಿ ಬಾಕಿ ಚಿಕ್ಕದಿರುವಾಗಲೇ ಕೇಳಿ. ನಾಲ್ಕು ಜನರ ಎದುರು ಬೇಡ, ಅವರ ಮನೆ ಬಾಗಿಲಲ್ಲಂತೂ ಬೇಡವೇ ಬೇಡ. ಪ್ರತಿ ಚೀಟಿಯ ಕೆಳಗೆ ಹಳೆ ಬಾಕಿ ಬರೆದು ಕೊಟ್ಟರೆ ಅರ್ಧ ಕೆಲಸ ಚೀಟಿಯೇ ಮಾಡುತ್ತದೆ. ಕಂಟ್ರಾಕ್ಟರುಗಳ ವಿಷಯ ಬೇರೆ: ಅವರಿಗೆ ಬಿಲ್ ಪಾಸಾದ ದಿನ ಮೊದಲು ಕೂಲಿಯವರು, ಕೊನೆಗೆ ಅಂಗಡಿಯವರು. ಆ ದಿನಾಂಕ ಮೊದಲೇ ಕೇಳಿಟ್ಟುಕೊಂಡು ಬೆಳಿಗ್ಗೆಯೇ ಫೋನ್ ಮಾಡಿ. ಹೊಸ ಕೆಲಸಕ್ಕೆ ಮಾಲು ಕೇಳಿ ಬಂದಾಗ, ‘ಹಳೇದರಲ್ಲಿ ಅರ್ಧ ಚುಕ್ತಾ ಮಾಡಿ, ಬೇಕಾದ್ದು ಒಯ್ಯಿರಿ’ ಅನ್ನಿ. ಹತ್ತಿರದಲ್ಲಿ ಮಾಲು ಬೇಕಾದವನು ಕೊಟ್ಟೇ ಕೊಡುತ್ತಾನೆ.

ಪ್ರಶ್ನೆ: ಪಕ್ಕದ ನಗರದ ದೊಡ್ಡ ಮಳಿಗೆಗೆ ಜನ ಹೋಗುತ್ತಿದ್ದಾರೆ. ನಾನೂ ಹತ್ತು ಪರ್ಸೆಂಟ್ ಡಿಸ್ಕೌಂಟ್ ಬೋರ್ಡು ಹಾಕಲೇ?

ಉತ್ತರ: ಬೇಡ. ನಿಮ್ಮ ಲಾಭ ನೂರಕ್ಕೆ ಇಪ್ಪತ್ತು ಇದ್ದು ಹತ್ತು ಬಿಟ್ಟರೆ, ಮೊದಲಿನಷ್ಟೇ ದುಡಿಯಲು ಎರಡು ಪಟ್ಟು ಮಾಲು ಹೋಗಬೇಕು. ಊರಲ್ಲಿರುವ ನಲ್ಲಿಗಳು ಅಷ್ಟೇ ಇವೆಯಲ್ಲ!

ದೊಡ್ಡ ಊರು ಸಣ್ಣ ಊರಿನ ವ್ಯಾಪಾರ ಸೆಳೆಯುವುದು ಹೊಸದೇನಲ್ಲ. ಅಮೆರಿಕದ ವಿಲಿಯಂ ರೈಲಿ 1931ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟ: ಜನಸಂಖ್ಯೆ ಹೆಚ್ಚಿದಂತೆ ಸೆಳೆತ ಹೆಚ್ಚು, ದೂರ ಎರಡರಷ್ಟಾದರೆ ಸೆಳೆತ ಕಾಲುಭಾಗ. ಇಡೀ ಮನೆಗೆ ಟೈಲ್ಸ್ ಕೊಳ್ಳುವವರು ನಗರಕ್ಕೆ ಹೋಗಲಿ, ತಡೆಯಲು ಆಗದು. ರಾತ್ರಿ ನಲ್ಲಿ ಸೋರಿದಾಗ ವಾಷರ್‌ಗಾಗಿ ಯಾರೂ ಬಸ್ಸು ಹತ್ತುವುದಿಲ್ಲ. ವಾಷರು, ಸ್ಕ್ರೂ, ಫ್ಯೂಸು ಬಿಡಿಬಿಡಿಯಾಗಿ, ಎಲ್ಲ ಅಳತೆಯಲ್ಲೂ ಇಡಿ. ಅವುಗಳ ಬೆಲೆಯನ್ನು ನಗರದ್ದಕ್ಕೆ ಹೋಲಿಸಿ ನೋಡುವವರನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ: ನೆಂಟರು ಅಂಗಡಿಗೆ ಬಂದು ಸಾಮಾನು ಪುಕ್ಕಟೆ ಒಯ್ಯುತ್ತಾರೆ. ಹೇಗೆ ನಿಲ್ಲಿಸಲಿ?

ಉತ್ತರ: ನಿಲ್ಲಿಸಬೇಡಿ. ಒಯ್ದದ್ದನ್ನೆಲ್ಲ ನಿಮ್ಮ ಸ್ವಂತ ಖರ್ಚಿಗೆ ಬರೆದು, ತಿಂಗಳ ಕೊನೆಗೆ ಆ ಪುಟವನ್ನು ಮನೆಯವರಿಗೆ ತೋರಿಸಿ. ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ.