ಪ್ರತಿಕ್ರಿಯೆ: ಎಚ್‌ಪಿ 48ರಲ್ಲಿ ಮರಳುಗಡಿಯಾರದ ಸೂಚಕ ಮೂಡಿಸುವುದು
ಎಚ್‌ಪಿ 48ಜಿಎಕ್ಸ್ ಕ್ಯಾಲ್ಕುಲೇಟರಿನಲ್ಲಿ ಹೆಕ್ಸಾಡೆಸಿಮಲ್ (16ರ ಆಧಾರದ ಸಂಖ್ಯೆ) 10ಸಿ ಎಂಬ ಮೆಮೊರಿ ವಿಳಾಸಕ್ಕೆ 1 ಬರೆದಾಗ, ಕೆಲಸ ನಡೆಯುತ್ತಿದೆ ಎಂದು ತೋರಿಸುವ ಮರಳುಗಡಿಯಾರ ಮೂಡುವ ಬದಲು ಪರದೆಯ ಎಲ್ಲ ಸೂಚಕಗಳೂ ಏಕೆ ಅಳಿಸಿಹೋದವು ಎಂದು ತಾವು ಕೇಳಿದ್ದೀರಿ. ಆ ವಿಳಾಸದಲ್ಲಿರುವ ನಿಬ್ಬಲ್‌ನ (ನಾಲ್ಕು ಬಿಟ್‌ಗಳ ಗುಂಪಿನ) ಅತ್ಯಂತ ಮೇಲಿನ ಬಿಟ್, ಅಂದರೆ 8ರ ಬೆಲೆಯುಳ್ಳದ್ದು, ಸೂಚಕಗಳ ಇಡೀ ಸಾಲಿಗೆ ಮುಖ್ಯ ಸ್ವಿಚ್ಚು. ತಾವು ಬರೆದ 1 ಅದನ್ನು ಸೊನ್ನೆ ಮಾಡಿತು. ನೇರವಾಗಿ 9 ಬರೆದರೆ ಮರಳುಗಡಿಯಾರವೇನೋ ಮೂಡುತ್ತದೆ, ಆದರೆ 2ರ ಬೆಲೆಯ ಪ್ರಸರಣ ಸೂಚಕ ಆರಿಹೋಗುವುದರಿಂದ, ನಿಬ್ಬಲನ್ನು ಮೊದಲು ಪ್ರೊಸೆಸರಿನೊಳಗಿನ ತಾತ್ಕಾಲಿಕ ಸಂಗ್ರಹವಾದ ಸಿ ರಿಜಿಸ್ಟರಿಗೆ ಓದಿಕೊಂಡು, 0 ಮತ್ತು 3ನೆಯ ಬಿಟ್‌ಗಳನ್ನಷ್ಟೇ (1 ಮತ್ತು 8ರ ಬೆಲೆಯವನ್ನು) 1 ಮಾಡಿ ಮರಳಿ ಬರೆಯುವುದೇ ಸರಿಯಾದ ಕ್ರಮ. ಶಿಫ್ಟ್ ಮತ್ತು ಆಲ್ಫಾ ಸೂಚಕಗಳು 10ಬಿ ವಿಳಾಸದಲ್ಲಿವೆ; ಅದನ್ನು ಮುಟ್ಟಬೇಕಾಗಿಲ್ಲ. 10ಸಿ ವಿಳಾಸವನ್ನು ಡಿ0 ಎಂಬ ರಿಜಿಸ್ಟರಿಗೆ ತುಂಬುವ ಮುನ್ನ ಆ ರಿಜಿಸ್ಟರಿನ ಹಳೆಯ ಮೌಲ್ಯವನ್ನು ದಯವಿಟ್ಟು ಉಳಿಸಿಕೊಳ್ಳಿ, ಏಕೆಂದರೆ ಈ ಕ್ಯಾಲ್ಕುಲೇಟರಿನ ಪ್ರೋಗ್ರಾಮಿಂಗ್ ಭಾಷೆಯಾದ ಆರ್‌ಪಿಎಲ್ ಮುಂದಿನ ಆದೇಶವನ್ನು ಕಂಡುಕೊಳ್ಳುವುದು ಅದರಿಂದಲೇ. ಅದು ಕೆಟ್ಟರೆ ಮೆಮೊರಿಯೇ ಅಳಿಸಿಹೋಗಬಹುದು.