ವೈನ್ ಅಂಗಡಿಯ ಫ್ಲೆಕ್ಸ್ ಬಗ್ಗೆ ಬರೆದವರಿಗೆ

ಪ್ರಿಯರೇ,

‘ನಮ್ಮ ಸಹನೆಗೂ ಮಿತಿಯಿದೆ’ ಅಂತ ಹೆಸರಿಟ್ಟು ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ನಮ್ಮ ಪತ್ರಿಕೆಯಲ್ಲಿ ಇದನ್ನು ಹಾಕುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರುತ್ತಿಲ್ಲ. ವಿಷಯ ಗಟ್ಟಿಯಾಗಿದೆ, ನಮ್ಮ ಊರಿನದೇ ಆಗಿದೆ. ನೀವು ಇನ್ನೊಮ್ಮೆ ಕೂತು ಬರೆಯಬೇಕು ಅನ್ನುವ ಆಸೆಯಿಂದ ಇಷ್ಟುದ್ದ ಬರೆಯುತ್ತಿದ್ದೇನೆ.

ನನಗೆ ಅರ್ಥವಾದದ್ದು ಇಷ್ಟು. ಮೂರ್ನಾಡು ದಾಟಿ ಮಡಿಕೇರಿಗೆ ಹೋಗುವ ರಸ್ತೆಯಲ್ಲಿ ಒಂದು ಹೋಮ್‌ಮೇಡ್ ವೈನ್ ಅಂಗಡಿ. ಕ್ರಿಸ್‌ಮಸ್ ಹತ್ತಿರ ಬಂದಾಗ ಅದರ ಮುಂದೆ ದೊಡ್ಡ ಫ್ಲೆಕ್ಸ್ ಎದ್ದಿತು. ಯೇಸು ಶಿಷ್ಯರ ಜೊತೆ ಕಡೆಯ ಭೋಜನಕ್ಕೆ ಕೂತ ಚಿತ್ರ. ಎಲ್ಲರಿಗೂ ಕೂಲಿಂಗ್ ಗ್ಲಾಸ್, ಕೈಯಲ್ಲಿ ಒಂದೊಂದು ಬಾಟಲಿ. ಕೆಳಗೆ ‘ಇದು ನಮ್ಮ ರಕ್ತದಲ್ಲೇ ಇದೆ!’ ಅನ್ನುವ ಸಾಲು. ಅಜ್ಜಿಯ ಕಣ್ಣು ತೋರಿಸಲು ವಿರಾಜಪೇಟೆಯಿಂದ ಮಡಿಕೇರಿಗೆ ಹೋಗುವಾಗ ನೀವು ಅದನ್ನು ಬಸ್ಸಿನಿಂದ ನೋಡಿದಿರಿ. ಮನೆಗೆ ಬಂದು ಸಿಟ್ಟಿನಲ್ಲಿ ಬರೆದಿರಿ.

ಸಿಟ್ಟು ತಪ್ಪಲ್ಲ. ತೊಂದರೆ ಏನೆಂದರೆ ಲೇಖನದಲ್ಲಿ ಸಿಟ್ಟು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮೊದಲ ಎರಡು ಪುಟಗಳಲ್ಲಿ ‘ಭಾವನೆಗಳಿಗೆ ಧಕ್ಕೆ’ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಯಾರ ಭಾವನೆ, ಎಂಥ ಧಕ್ಕೆ, ಹೇಗೆ ಆಯಿತು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಫ್ಲೆಕ್ಸ್ ಮೇಲಿನ ಸಾಲನ್ನು ‘ಅಸಹ್ಯವಾದ ಒಂದು ವಾಕ್ಯ’ ಅಂತ ಹೇಳಿ ಮುಂದೆ ಹೋಗಿದ್ದೀರಿ. ಆ ಸಾಲು ಏನು ಅಂತ ಗೊತ್ತಾಗುವುದು ಲೇಖನದ ಕೊನೆಯ ಟಿಪ್ಪಣಿಯಲ್ಲಿ!

ನಮ್ಮ ಓದುಗರಲ್ಲಿ ಹೆಚ್ಚಿನವರು ಚರ್ಚಿನೊಳಗೆ ಪೂಜೆಗೆ ಕೂತವರಲ್ಲ. ‘ರಕ್ತದಲ್ಲೇ ಇದೆ’ ಅನ್ನುವುದು ಅವರಿಗೆ ಒಂದು ತಮಾಷೆಯ ಮಾತು, ಅಷ್ಟೇ. ಫಾದರ್ ಪೀಠದ ಮೇಲೆ ದ್ರಾಕ್ಷಾರಸದ ಬಟ್ಟಲನ್ನು ಎತ್ತಿ ಹಿಡಿದು ಆ ಕಡೆಯ ಭೋಜನದಲ್ಲಿ ಯೇಸು ಆಡಿದ ‘ಇದು ನನ್ನ ರಕ್ತ’ ಅನ್ನುವ ಮಾತನ್ನು ಹೇಳುತ್ತಾರೆ, ಆಗ ಇಡೀ ಚರ್ಚ್ ಮಂಡಿಯೂರಿರುತ್ತದೆ, ಅಲ್ವಾ? ನಿಮ್ಮ ಮನೆಯವರಿಗೆ ಅದು ಬರೀ ನೆನಪಿನ ಆಚರಣೆ ಅಲ್ಲ. ಆ ಗಳಿಗೆಯಲ್ಲಿ ದ್ರಾಕ್ಷಾರಸ ಯೇಸುವಿನ ರಕ್ತವೇ ಆಗುತ್ತದೆ ಅಂತ ಕ್ಯಾಥೊಲಿಕರು ನಂಬುತ್ತಾರೆ. ಇಷ್ಟನ್ನು ನೀವು ನಾಲ್ಕು ಸಾಲಿನಲ್ಲಿ ತೋರಿಸಿ. ಆಮೇಲೆ ಫ್ಲೆಕ್ಸಿನ ಸಾಲು ಬರಲಿ. ‘ಧಕ್ಕೆ’ ಅನ್ನುವ ಪದ ನೀವು ಬರೆಯಲೇಬೇಕಾಗಿಲ್ಲ, ಓದುಗನಿಗೇ ಚುರುಕ್ ಅನ್ನುತ್ತದೆ.

ಇನ್ನು ನಿಮ್ಮ ಅಜ್ಜಿ. ನಾಲ್ಕನೇ ಪುಟದಲ್ಲಿ ಒಂದೇ ಒಂದು ಸಲ ಬಂದು ಹೋಗುತ್ತಾರೆ. ಬಸ್ಸು ನಿಧಾನವಾದಾಗ ಅವರು ಕೇಳಿದ್ದು: ‘ಅದು ನಮ್ಮ ಊಟದ ಕೋಣೆಯ ಫೋಟೊ ಅಲ್ವಾ? ಇವರಿಗೆ ಯಾರು ಕೊಟ್ಟದ್ದು?’ ಇಡೀ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಇದೊಂದೇ. ಕ್ಯಾಥೊಲಿಕರ ಎಷ್ಟೋ ಮನೆಗಳಲ್ಲಿ ಊಟದ ಮೇಜಿನ ಮೇಲಿನ ಗೋಡೆಗೆ ಆ ಚಿತ್ರ ಇರುತ್ತದೆ. ಅದರ ಕೆಳಗೆ ಕೂತು ಮಕ್ಕಳು ಗಂಜಿ ಕುಡಿದಿರುತ್ತಾರೆ, ಬೈಸಿಕೊಂಡಿರುತ್ತಾರೆ, ಮದುವೆ ಮಾತುಕತೆ ನಡೆದಿರುತ್ತದೆ. ಅಜ್ಜಿಗೆ ಅದು ಧರ್ಮದ ಗುರುತಿಗಿಂತ ಹೆಚ್ಚಾಗಿ ಮನೆಯ ವಸ್ತು. ಮನೆಯ ವಸ್ತು ಅಂಗಡಿ ಮುಂದೆ ಕಂಡರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಅವರ ಪ್ರಶ್ನೆಯನ್ನು ಲೇಖನದ ನಡುಮಧ್ಯೆ ತನ್ನಿ, ಅದಕ್ಕೆ ಉತ್ತರ ಹುಡುಕುವುದೇ ಲೇಖನವಾಗಲಿ. ಯಾರು ಕೊಟ್ಟರು ಆ ಚಿತ್ರವನ್ನು?

ಉತ್ತರ ಅಷ್ಟು ಸುಲಭವಲ್ಲ. ಲಿಯೊನಾರ್ಡೊ ಡಾ ವಿಂಚಿ 1495ರಿಂದ 1498ರ ಹೊತ್ತಿಗೆ ಮಿಲಾನಿನ ಒಂದು ಸನ್ಯಾಸಿ ಮಠದ ಊಟದ ಕೋಣೆಯ ಗೋಡೆಗೆ ಅದನ್ನು ಬರೆದ. ಊಟದ ಕೋಣೆಗೇ ಅನ್ನುವುದನ್ನು ಗಮನಿಸಿ. ಅಲ್ಲಿಂದ ಅದು ಕ್ಯಾಲೆಂಡರ್, ಫ್ರೇಮು, ಗೋಡೆ ಗಡಿಯಾರಗಳ ಮೇಲೆಲ್ಲ ಬಂತು. ಕ್ರೈಸ್ತರು ತಾವೇ ಅದನ್ನು ಸಾವಿರಾರು ಅಂಗಡಿಗಳಲ್ಲಿ ಕೊಂಡರು, ಮಾರಿದರು. ಎಲ್ಲರಿಗೂ ಗೊತ್ತಿರುವ ಚಿತ್ರವಾದದ್ದರಿಂದಲೇ ಜಾಹೀರಾತಿನವರ ಕಣ್ಣು ಅದರ ಮೇಲೆ ಬಿತ್ತು. ನೋಡಿದ ತಕ್ಷಣ ಜನ ಗುರುತು ಹಿಡಿಯುತ್ತಾರೆ, ಒಂದು ಚೂರು ಬದಲಾಯಿಸಿದರೆ ತಿರುಗಿ ನೋಡುತ್ತಾರೆ. ಅವರಿಗೆ ಬೇಕಾದದ್ದು ಅಷ್ಟೇ.

ಈಗ ನಿಮ್ಮ ವಿವರಗಳ ತಪ್ಪುಗಳಿಗೆ ಬರುತ್ತೇನೆ. ‘ಪ್ರಪಂಚದ ಎಲ್ಲ ಕಡೆ ಇಂಥ ಜಾಹೀರಾತುಗಳಿಗೆ ನಿಷೇಧವಿದೆ’ ಅಂತ ಬರೆದಿದ್ದೀರಿ. ಇಲ್ಲ. ಫ್ರಾನ್ಸಿನಲ್ಲಿ ಮಾರಿತೆ ಫ್ರಾಂಸ್ವಾ ಜಿರ್ಬೋ ಅನ್ನುವ ಬಟ್ಟೆ ಕಂಪನಿ ಇದೇ ಕಡೆಯ ಭೋಜನವನ್ನು ಬಳಸಿತು. ಯೇಸು ಮತ್ತು ಶಿಷ್ಯರ ಜಾಗದಲ್ಲಿ ಹೆಂಗಸರನ್ನು ಕೂರಿಸಿತ್ತು. 2005ರಲ್ಲಿ ಪ್ಯಾರಿಸ್ಸಿನ ಕೋರ್ಟು ಅದನ್ನು ತೆಗೆಸಿತು, ನಿಜ. ಆದರೆ 2006ರ ನವೆಂಬರಿನಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟು ಆ ತೀರ್ಪನ್ನೇ ತಳ್ಳಿಹಾಕಿತು. ನೀವು ಮೊದಲರ್ಧ ಮಾತ್ರ ಹೇಳಿದ್ದೀರಿ. ಅರ್ಧ ಹೇಳಿದ್ದು ಗೊತ್ತಾದ ಮೇಲೆ ಓದುಗ ಉಳಿದದ್ದನ್ನೂ ನಂಬುವುದಿಲ್ಲ.

ಲಿಥುವೇನಿಯಾದ ಪ್ರಕರಣವನ್ನು ನೀವು ಬಿಟ್ಟೇ ಬಿಟ್ಟಿದ್ದೀರಿ. ನಿಮ್ಮ ವಾದಕ್ಕೆ ಅದು ಒಗ್ಗುವುದಿಲ್ಲ, ಅದಕ್ಕೇ ಅದು ಬೇಕು. 2012ರಲ್ಲಿ ವಿಲ್ನಿಯಸ್ ನಗರದಲ್ಲಿ ಒಂದು ಉಡುಪಿನ ಜಾಹೀರಾತು ಬಂತು. ಯೇಸು, ಮರಿಯಳ ಹಾಗೆ ಕಾಣುವ ರೂಪದರ್ಶಿಗಳು. ‘ಯೇಸುವೇ, ಎಂಥ ಪ್ಯಾಂಟು!’ ‘ಮರಿಯಮ್ಮಾ, ಎಂಥ ಡ್ರೆಸ್ಸು!’ ಅನ್ನುವ ಥರದ ಸಾಲುಗಳು. ಮೊದಲು ಬಂದದ್ದು ನಾಲ್ಕೇ ದೂರು. ಸರ್ಕಾರ ಕಂಪನಿಗೆ 2,000 ಲಿಟಾಸ್, ಅಂದರೆ ಸುಮಾರು 580 ಯೂರೊ ದಂಡ ಹಾಕಿತು. ಕಂಪನಿ ಬಿಡಲಿಲ್ಲ. 2018ರ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟು ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ದಂಡ ಹಾಕಲು ಅಧಿಕಾರಿಗಳು ಕೊಟ್ಟ ಕಾರಣಗಳು ಸಾಲದು, ಮಾತಿನ ಸ್ವಾತಂತ್ರ್ಯಕ್ಕೆ ಅಡ್ಡಿಯಾಗಿದೆ ಅಂದಿತು. ನಿಮಗೆ ಈ ತೀರ್ಪು ಸರಿ ಕಾಣದೇ ಇರಬಹುದು. ಹಾಗಾದರೆ ಅದರ ಎದುರು ನಿಂತು ವಾದ ಮಾಡಿ. ಅದು ನಡೆದೇ ಇಲ್ಲ ಅನ್ನುವ ಹಾಗೆ ಬರೆಯಬೇಡಿ.

‘ಕ್ರೈಸ್ತರು ಯಾವತ್ತೂ ಸುಮ್ಮನಿರುತ್ತಾರೆ, ಅದಕ್ಕೇ ಎಲ್ಲರೂ ಆಡಿಕೊಳ್ಳುತ್ತಾರೆ’ ಅನ್ನುವುದೂ ಸರಿಯಲ್ಲ. 1998ರಲ್ಲಿ ಫೋಕ್ಸ್‌ವ್ಯಾಗನ್ ಫ್ರಾನ್ಸಿನಲ್ಲಿ ಗಾಲ್ಫ್ ಕಾರಿಗೆ ಕಡೆಯ ಭೋಜನದ ಚಿತ್ರ ಬಳಸಿದಾಗ ಅಲ್ಲಿನ ಬಿಷಪರ ಕಡೆಯವರು ಕೋರ್ಟಿಗೆ ಹೋದರು. ಕಂಪನಿ ಜಾಹೀರಾತು ತೆಗೆದು, ಒಂದು ಕ್ಯಾಥೊಲಿಕ್ ಸೇವಾ ಸಂಸ್ಥೆಗೆ ದೇಣಿಗೆ ಕೊಟ್ಟಿತು. 2011ರಲ್ಲಿ ಬೆನೆಟನ್ ಅನ್ನುವ ಇಟಲಿಯ ಬಟ್ಟೆ ಕಂಪನಿ ಪೋಪ್ ಹದಿನಾರನೇ ಬೆನೆಡಿಕ್ಟ್ ಈಜಿಪ್ಟಿನ ಇಮಾಮರೊಬ್ಬರಿಗೆ ಮುತ್ತು ಕೊಡುವ ಹಾಗೆ ಚಿತ್ರ ಜೋಡಿಸಿತ್ತು. ವ್ಯಾಟಿಕನ್ ಗದರಿದ್ದೇ ತಡ, ಅದನ್ನೂ ಹಿಂತೆಗೆಯಿತು.

ಬೆನೆಟನ್ ಬಗ್ಗೆ ನೀವು ಒಂದು ಸಾಲು ಬರೆದು ಮುಗಿಸಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಿ. 1991ರಲ್ಲಿ ಅವರು ಒಬ್ಬ ಪಾದ್ರಿ ಮತ್ತು ಒಬ್ಬ ಸಿಸ್ಟರ್ ಮುತ್ತು ಕೊಡುವ ಫೋಟೊ ಹಾಕಿದರು. ಒಲಿವಿಯೆರೊ ತೊಸ್ಕಾನಿ ತೆಗೆದದ್ದು. ಕರಿ ನಿಲುವಂಗಿ, ಬಿಳಿ ಉಡುಪು, ಅಷ್ಟೇ. ಬೆನೆಟನ್ ಮಾರುತ್ತಿದ್ದದ್ದು ಸ್ವೆಟರ್, ಆದರೆ ಚಿತ್ರದಲ್ಲಿ ಸ್ವೆಟರೇ ಇಲ್ಲ! ಮೂಲೆಯಲ್ಲಿ ಹಸಿರು ಪಟ್ಟಿ, ಅದರಲ್ಲಿ ಕಂಪನಿ ಹೆಸರು. ಇಟಲಿಯ ಚರ್ಚು ಸಿಟ್ಟಾಯಿತು, ಪತ್ರಿಕೆಗಳು ಅದರ ಬಗ್ಗೆ ಬರೆದವು, ಬರೆಯುವಾಗ ಚಿತ್ರವನ್ನೂ ಹಾಕಿದವು. ದುಡ್ಡು ಕೊಟ್ಟು ಹಾಕಿಸಿದ ಜಾಗಕ್ಕಿಂತ ಜಾಸ್ತಿ ಜಾಗ ಪುಕ್ಕಟೆ ಸಿಕ್ಕಿತು. ಕೆಣಕುವ ಜಾಹೀರಾತು ನಡೆಯುವುದು ಹೀಗೆ. ಅದಕ್ಕೆ ಗಿರಾಕಿ ಎಷ್ಟು ಬೇಕೋ ಸಿಟ್ಟಾದ ಭಕ್ತನೂ ಅಷ್ಟೇ ಬೇಕು. ನಿಮ್ಮ ಈಗಿನ ಲೇಖನ ಆ ಭಕ್ತನ ಪಾತ್ರವನ್ನು ಅವರು ಬರೆದುಕೊಟ್ಟ ಹಾಗೇ ಆಡುತ್ತಿದೆ. ನಾನು ಹೇಳಬೇಕಾದ ಮುಖ್ಯ ಮಾತು ಇದು.

ಮರುವರ್ಷವೇ ಅದೇ ಕಂಪನಿ ಇನ್ನೊಂದು ಚಿತ್ರ ಬಳಸಿತು. ಏಡ್ಸ್‌ನಿಂದ ಸಾಯುತ್ತಿರುವ ಡೇವಿಡ್ ಕರ್ಬಿ ಅನ್ನುವ ಯುವಕ, ಅವನ ತಲೆಯನ್ನು ಎದೆಗೆ ಒತ್ತಿಕೊಂಡ ಅಪ್ಪ. ಥೆರೀಸ್ ಫ್ರೇರ್ ತೆಗೆದ ನಿಜವಾದ ಫೋಟೊ, ಮನೆಯವರು ಒಪ್ಪಿಗೆ ಕೊಟ್ಟಿದ್ದರು. ಎಷ್ಟೋ ಜನ ಅದರಲ್ಲಿ ಶಿಲುಬೆಯಿಂದ ಇಳಿಸಿದ ಯೇಸುವನ್ನು ಕಂಡರು. ಇದಕ್ಕೂ ಕೂಲಿಂಗ್ ಗ್ಲಾಸಿನ ಶಿಷ್ಯರಿಗೂ ವ್ಯತ್ಯಾಸವಿಲ್ಲವೇ? ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟಿದರೆ ನಿಮ್ಮ ಸಿಟ್ಟಿಗೆ ಬೆಲೆ ಇಲ್ಲದ ಹಾಗಾಗುತ್ತದೆ. ಯಾವುದು ನೋಯಿಸುತ್ತದೆ, ಯಾವುದು ಕಲಕುತ್ತದೆ, ಯಾಕೆ, ಅನ್ನುವುದನ್ನು ನೀವೇ ಯೋಚಿಸಿ ಬರೆಯಬೇಕು.

ಐದನೇ ಪುಟದ ‘ಇದನ್ನೇ ಬೇರೆ ಧರ್ಮದವರಿಗೆ ಮಾಡಿದ್ದರೆ ಅಂಗಡಿ ಉಳಿಯುತ್ತಿತ್ತೇ?’ ಅನ್ನುವ ಪ್ಯಾರಾ ಪೂರ್ತಿ ತೆಗೆಯಿರಿ. ಇದರಲ್ಲಿ ಚೌಕಾಸಿ ಇಲ್ಲ. ಅಂಗಡಿ ಒಡೆಯದೇ ಇರುವುದು ನಿಮ್ಮವರ ದೌರ್ಬಲ್ಯ ಅನ್ನುವ ಹಾಗೆ ಅದು ಕೇಳಿಸುತ್ತದೆ. ಕೊಡಗಿನಲ್ಲಿ ಒಂದೇ ಬೀದಿಯಲ್ಲಿ ಎಷ್ಟೊಂದು ಥರದ ಜನ ಅಂಗಡಿ ಇಟ್ಟುಕೊಂಡು ಬದುಕುತ್ತಿದ್ದೇವೆ. ನಮ್ಮ ಪುಟದಲ್ಲಿ ಅಂಥ ಮಾತು ಬರಬಾರದು.

ವಿರಾಜಪೇಟೆ ಸಂತ ಅನ್ನಮ್ಮ ಚರ್ಚಿನ ಇತಿಹಾಸಕ್ಕೆ ಒಂದೂವರೆ ಪುಟ ಕೊಟ್ಟಿದ್ದೀರಿ. 1792ರಲ್ಲಿ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಕ್ರೈಸ್ತರಿಗೆ ಆಶ್ರಯ, ಜಾಗ ಕೊಟ್ಟದ್ದು ದೊಡ್ಡ ವಿಷಯ, ಆದರೆ ಇಲ್ಲಿ ಒಂದು ಸಾಲು ಸಾಕು. ಅದರ ಬದಲು ಇನ್ನೊಂದು ಇತಿಹಾಸ ಬರಬೇಕಿತ್ತು. 1843ರಲ್ಲಿ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರು ಮಾಡಿದ, ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಪ್ರಚಾರ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಮುಂದಿನ ದಶಕದಲ್ಲಿ ಕೊಡಗಿಗೆ ಬಂದು ಕೆಲಸ ಮಾಡಿದವರು. ನಾನು ಮಾಡುತ್ತಿರುವ ಈ ವೃತ್ತಿಯೇ ಅವರಿಗೆ ಋಣಿ. ಆದರೆ ಅದೇ ಬಾಸೆಲ್ ಮಿಷನ್ನಿನ ಪ್ರಚಾರಕರು ಸಂತೆ, ಜಾತ್ರೆಗಳಲ್ಲಿ ನಿಂತು ವಿಗ್ರಹ ಪೂಜೆ ತಪ್ಪು ಅಂತ ಸಾರುತ್ತಿದ್ದರು, ಕರಪತ್ರ ಹಂಚುತ್ತಿದ್ದರು. ಜಾತ್ರೆಗೆ ಬಂದ ಭಕ್ತನಿಗೆ ಆಗ ಏನನ್ನಿಸಿರಬೇಕು? ಕೆಣಕಿ ಗಮನ ಸೆಳೆಯುವುದು ಚರ್ಚಿಗೆ ಹೊರಗಿನಿಂದ ಬಂದ ವಿದ್ಯೆ ಅಲ್ಲ. 1999ರಲ್ಲಿ ಬ್ರಿಟನ್ನಿನ ಚರ್ಚುಗಳ ಜಾಹೀರಾತು ತಂಡವೊಂದು ಯೇಸುವನ್ನು ಕ್ರಾಂತಿಕಾರಿ ಚೆ ಗೆವಾರನ ಥರ ಕೆಂಪು ಪೋಸ್ಟರಿನಲ್ಲಿ ಹಾಕಿತು. 2024ರಲ್ಲಿ ಅಮೆರಿಕದ ಸೂಪರ್ ಬೌಲ್ ಅನ್ನುವ ಫುಟ್‌ಬಾಲ್ ಫೈನಲ್ ಪಂದ್ಯದ ನಡುವೆ, ಯೇಸು ಶಿಷ್ಯರ ಕಾಲು ತೊಳೆದ ಹಾಗೆ, ಒಬ್ಬರನ್ನೊಬ್ಬರು ಕಂಡರೆ ಆಗದವರಲ್ಲಿ ಒಬ್ಬರು ಇನ್ನೊಬ್ಬರ ಕಾಲು ತೊಳೆಯುವ ಜಾಹೀರಾತು ಬಂತು. ಅದನ್ನು ಹಾಕಿಸಿದವರೂ ಕ್ರೈಸ್ತರು, ಅದನ್ನು ನೋಡಿ ಬೈದವರಲ್ಲೂ ಕ್ರೈಸ್ತರೇ ಬೇಕಾದಷ್ಟು ಜನ ಇದ್ದರು. ಇದನ್ನು ಬರೆದರೆ ನಿಮ್ಮ ಪಕ್ಷ ದುರ್ಬಲವಾಗುತ್ತದೆ ಅಂತ ಹೆದರಬೇಡಿ. ನಿಮ್ಮನ್ನು ಒಪ್ಪದವರೂ ಕೊನೆಯವರೆಗೆ ಓದುತ್ತಾರೆ.

ಇನ್ನು ಓಡಾಟದ ಕೆಲಸ. ನೀವು ಬಸ್ಸಿನಿಂದ ಇಳಿಯಲೇ ಇಲ್ಲ. ಆ ಅಂಗಡಿಗೆ ಹೋಗಿ. ಗಾಂಧಾರಿ ಮೆಣಸಿನ ವೈನ್, ವೀಳ್ಯದೆಲೆ ವೈನ್, ಶುಂಠಿ ವೈನ್ ಅಂತ ಸಾಲಾಗಿ ಇಟ್ಟಿರುತ್ತಾರಲ್ಲ, ಅದನ್ನೂ ನೋಡಿ. ಮಾರಲು ಅಬಕಾರಿ ಪರವಾನಗಿ ಇದೆಯಾ ಅಂತ ಕೇಳಿ. ಮಾಲೀಕರನ್ನು ಮಾತಾಡಿಸಿ, ಜಗಳ ಆಡಬೇಡಿ. ಅವರಿಗೆ ಆ ಸಾಲಿನ ಅರ್ಥ ಗೊತ್ತಿತ್ತೋ ಇಲ್ಲವೋ ತಿಳಿಯಬೇಕು. ಫ್ಲೆಕ್ಸ್ ಪ್ರಿಂಟ್ ಮಾಡಿದ ಅಂಗಡಿಗೂ ಹೋಗಿ. ಕಂಪ್ಯೂಟರ್ ಮುಂದೆ ಕೂತ ಹುಡುಗ ನೆಟ್‌ನಿಂದ ಇಳಿಸಿ ಕೂಲಿಂಗ್ ಗ್ಲಾಸ್ ಅಂಟಿಸಿರಬಹುದು. ನಿಮ್ಮ ಚರ್ಚಿನವನೇ ಆಗಿದ್ದರೂ ಆಗಿರಬಹುದು. ಫಾದರ್ ಏನು ಹೇಳುತ್ತಾರೆ? ಪಂಚಾಯಿತಿಯಲ್ಲಿ ಯಾರಾದರೂ ದೂರು ಕೊಟ್ಟರಾ? ಆಸ್ಕಿ, ಅಂದರೆ ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ‘ಕೂಡಲೇ ನಿಷೇಧಿಸಬೇಕು’ ಅಂದಿದ್ದೀರಿ. ಅದು 1985ರಲ್ಲಿ ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಸಂಸ್ಥೆ, ಸರ್ಕಾರಿ ಇಲಾಖೆ ಅಲ್ಲ. ಯಾರು ಏನು ಮಾಡಬಹುದು ಅನ್ನುವುದನ್ನು ಸರಿಯಾಗಿ ತಿಳಿದು ಬರೆಯಿರಿ.

ನಿಮ್ಮ ಮನೆಯ ವೈನ್ ಬಗ್ಗೆಯೂ ಬರೆಯಿರಿ. ಕ್ರಿಸ್‌ಮಸ್‌ಗೆ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ ಹಾಕಿ, ಬಟ್ಟೆ ಕಟ್ಟಿ ಇಡುತ್ತಾರೆ ಅಂತ ಪತ್ರದಲ್ಲಿ ನನಗೆ ಹೇಳಿದ್ದೀರಿ, ಲೇಖನದಲ್ಲಿ ಹೇಳಿಲ್ಲ. ವೈನಿನ ಮೇಲೆ ಅಜ್ಜಿಗೆ ದ್ವೇಷ ಇಲ್ಲ ಅಂತ ಗೊತ್ತಾದರೆ ಅವರ ಪ್ರಶ್ನೆಗೆ ಇನ್ನೂ ತೂಕ ಬರುತ್ತದೆ.

ಶೀರ್ಷಿಕೆ ಬದಲಾಗಬೇಕು, ಉದ್ದ ಅರ್ಧಕ್ಕೆ ಇಳಿಯಬೇಕು. ಈಗಿನ ಮೊದಲ ಎರಡು ಪುಟ ಹೋದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಜೊತೆಗೆ ಕಳಿಸಿದ ಫ್ಲೆಕ್ಸಿನ ಫೋಟೊ ನಾವು ಹಾಕುವುದಿಲ್ಲ. ಹಾಕಿದರೆ ಆ ಜಾಹೀರಾತನ್ನು ನಾವೇ ಜಿಲ್ಲೆಗೆಲ್ಲ ಹಂಚಿದ ಹಾಗೆ. ಮಾತಿನಲ್ಲೇ ಓದುಗನ ಕಣ್ಣಿಗೆ ಕಟ್ಟಿಸಿ, ನಿಮ್ಮಿಂದ ಆಗುತ್ತದೆ. ಅಂಗಡಿಯ ಹೆಸರು ಬರೆಯಬೇಕೋ ಬೇಡವೋ ಅನ್ನುವುದನ್ನು ಮಾಲೀಕರ ಮಾತು ಕೇಳಿಕೊಂಡು ಬಂದ ಮೇಲೆ ಇಬ್ಬರೂ ಕೂತು ತೀರ್ಮಾನಿಸೋಣ. ಅಜ್ಜಿಗೂ ಒಂದು ಸಲ ಓದಿ ಹೇಳಿ, ತಮ್ಮ ಮಾತು ಅಚ್ಚಾಗುವುದಕ್ಕೆ ಅವರು ಒಪ್ಪಿದರೆ ಮಾತ್ರ ಕಳಿಸಿ.

ಇಂತಿ,
ಸಂಪಾದಕ