ರೋಸ್ಟರ್‌ನಲ್ಲಿ ಹೆಸರು ಬಂದರೆ ಸ್ಕಾಲರ್‌ಶಿಪ್ ಬಂದಂತೆಯೇ?

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿದ್ದೇವೆ. ನನ್ನದು ಎಚ್-1ಬಿ ಉದ್ಯೋಗ ವೀಸಾ, ಮಗನದು ಅವಲಂಬಿತರ ಎಚ್-4 ವೀಸಾ. ಹನ್ನೆರಡನೇ ತರಗತಿಯಲ್ಲಿದ್ದಾನೆ, ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದ ಕಿಕ್ಕರ್ (ಚೆಂಡು ಒದ್ದು ಅಂಕ ಗಳಿಸುವ ಆಟಗಾರ). ದೊಡ್ಡ ವಿಶ್ವವಿದ್ಯಾಲಯವೊಂದರ ಕೋಚ್, "ರೋಸ್ಟರ್‌ಗೆ (ತಂಡದ ಆಟಗಾರರ ಪಟ್ಟಿಗೆ) ಸೇರಿಸಿಕೊಳ್ಳುತ್ತೇವೆ, ಸ್ಕಾಲರ್‌ಶಿಪ್ ಆಮೇಲೆ ನೋಡೋಣ, ಎನ್‌ಐಎಲ್ ಹಣವೂ (ಆಟಗಾರನ ಹೆಸರು, ಚಿತ್ರ ಬಳಸಿಕೊಳ್ಳುವುದಕ್ಕೆ ಕೊಡುವ ಹಣ) ಬರುತ್ತದೆ" ಎಂದಿದ್ದಾರೆ. ನಂಬಿ ಹೋಗಬಹುದೇ?

ಉತ್ತರ: ಈ ಮಾತಿನಲ್ಲಿ ಮೂರು ಬೇರೆ ಬೇರೆ ವಿಷಯಗಳು ಬೆರೆತಿವೆ. ಒಂದು ಸಿಕ್ಕರೆ ಇನ್ನೊಂದೂ ಸಿಗುತ್ತದೆ ಎಂದೇನಿಲ್ಲ.

ಮೊದಲು ರೋಸ್ಟರ್. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಯ ಮೇಲೆ ಆಟಗಾರರು ಹೂಡಿದ ಮೊಕದ್ದಮೆಯಲ್ಲಿ, 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ 'ಹೌಸ್' ಒಪ್ಪಂದದ ಪ್ರಕಾರ, ಅದಕ್ಕೆ ಸೇರಿದ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತಂಡದಲ್ಲಿ 105 ಜನಕ್ಕಿಂತ ಹೆಚ್ಚಿರುವಂತಿಲ್ಲ. ಹಿಂದೆ 85 ಸ್ಕಾಲರ್‌ಶಿಪ್‌ಗಳ ಮಿತಿಯಿತ್ತು, ಆದರೆ ಸ್ವಂತ ಖರ್ಚಿನಲ್ಲಿ ಓದುವ ವಾಕ್-ಆನ್ ಆಟಗಾರರನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳುತ್ತಿದ್ದರು. ಈಗ 105 ಜನರಿಗೂ ಸ್ಕಾಲರ್‌ಶಿಪ್ ಕೊಡಬಹುದು, ಕೊಡಲೇಬೇಕೆಂದಿಲ್ಲ. ಹೀಗಾಗಿ ಹೊಸಬರಿಗೆ ಜಾಗ ಬೇಕಾದಾಗ ಮೊದಲು ಹೊರಗೆ ಹೋಗುವವರು ವಾಕ್-ಆನ್‌ಗಳೇ. ಕಿಕ್ಕರ್‌ಗಳ ಪಾಲಿಗೆ ಇದು ಇನ್ನೂ ಬಿಗಿ, ಒಂದು ತಂಡಕ್ಕೆ ಅವರು ಬೇಕಾಗುವುದು ಬೆರಳೆಣಿಕೆಯಷ್ಟು. ಆಟಗಾರ ಮತ್ತು ಕಾಲೇಜು ಪರಸ್ಪರ ಬದ್ಧರಾಗುತ್ತಿದ್ದ ಹಳೆಯ 'ನ್ಯಾಷನಲ್ ಲೆಟರ್ ಆಫ್ ಇಂಟೆಂಟ್' ಪತ್ರ 2024ರ ಅಕ್ಟೋಬರ್‌ನಲ್ಲಿ ರದ್ದಾಗಿದೆ. ಈಗ ನೀವು ಕೇಳಬೇಕಾದದ್ದು ಹಣಕಾಸು ನೆರವಿನ ಲಿಖಿತ ಒಪ್ಪಂದ. ಅದರಲ್ಲಿ ಮೊತ್ತ ಎಷ್ಟು, ಎಷ್ಟು ವರ್ಷಕ್ಕೆ, ಗಾಯವಾದರೆ ಏನು ಎಂಬ ಮೂರೂ ಇರಬೇಕು. ಅದು ಕೈಗೆ ಬರುವವರೆಗೆ ಬೇರೆ ಕಾಲೇಜುಗಳ ಬಾಗಿಲು ಮುಚ್ಚಬೇಡಿ.

ಇನ್ನು ಹಣ. ಎಚ್-4 ಮಕ್ಕಳಿಗೆ ಅಮೆರಿಕದಲ್ಲಿ ದುಡಿಯುವ ಅನುಮತಿ ಇಲ್ಲ. ಸ್ಕಾಲರ್‌ಶಿಪ್ ಸಂಬಳವಲ್ಲ, ಅದಕ್ಕೆ ಅಡ್ಡಿಯಿಲ್ಲ. ಆದರೆ ಜಾಹೀರಾತಿನಲ್ಲಿ ಕಾಣಿಸಿಕೊಂಡು, ಸಹಿ ಹಾಕಿಕೊಟ್ಟು, ಪೋಸ್ಟ್ ಹಾಕಿ ಪಡೆಯುವ ಎನ್‌ಐಎಲ್ ಹಣವನ್ನು ವಲಸೆ ಇಲಾಖೆ ಅನಧಿಕೃತ ಕೆಲಸವೆಂದು ಪರಿಗಣಿಸಬಹುದು. ವಿಶ್ವವಿದ್ಯಾಲಯವೇ ನೇರವಾಗಿ ಹಂಚುವ ಆದಾಯದ ಪಾಲಿಗೂ ಇದೇ ಅಪಾಯವಿದೆ. 21 ತುಂಬಿದ ಮೇಲೆ ಮಗನ ಎಚ್-4 ಮುಗಿಯುತ್ತದೆ. ಆಗ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾದರೆ, ಮುಂದೆ ಗ್ರೀನ್‌ಕಾರ್ಡ್ ಕೇಳಬೇಕಾದರೆ, ಈ ತಪ್ಪು ದೊಡ್ಡ ತೊಡಕಾಗುತ್ತದೆ. ಎಫ್-1ನಲ್ಲಿ ವಾರಕ್ಕೆ 20 ಗಂಟೆ ಕ್ಯಾಂಪಸ್ ಕೆಲಸಕ್ಕೆ ಅನುಮತಿ ಇದೆಯೆಂದು ಹೊರಗಿನ ಎನ್‌ಐಎಲ್ ಹಣ ಸರಿಯಾಗಿಬಿಡುವುದಿಲ್ಲ. ಕೋಚ್‌ಗೆ ವೀಸಾ ನಿಯಮ ಗೊತ್ತಿರಬೇಕೆಂದಿಲ್ಲ. ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ವಲಸೆ ವಕೀಲರನ್ನು ಕಾಣಿ.

ಓದಿನ ಕಡೆಯೂ ಒಮ್ಮೆ ನೋಡಿ. ಕಾಲೇಜು ಕ್ರೀಡೆಯ ಮೇಲ್ಮಟ್ಟವಾದ ಡಿವಿಷನ್ 1ಕ್ಕೆ 16 ಕೋರ್ (ಮುಖ್ಯ ಪಠ್ಯದ) ವಿಷಯಗಳು, ಅವುಗಳಲ್ಲಿ 2.3 ಜಿಪಿಎ (ಸರಾಸರಿ ಅಂಕ) ಬೇಕು. 16ರಲ್ಲಿ 10 ವಿಷಯಗಳು ಹನ್ನೆರಡನೇ ತರಗತಿ ಆರಂಭವಾಗುವ ಮೊದಲೇ ಮುಗಿದಿರಬೇಕು. ಆ ಹತ್ತರ ಪೈಕಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನದವು. ಆ ಹತ್ತರ ಅಂಕಗಳನ್ನು ಈಗ ಮತ್ತೆ ಓದಿ ಸುಧಾರಿಸಿಕೊಳ್ಳಲು ಬರುವುದಿಲ್ಲ. ಅಂಕಪಟ್ಟಿ ತೆಗೆದು ಇವತ್ತೇ ಎಣಿಸಿ.

ಪ್ರಶ್ನೆ: ಅಕ್ಕನ ಮಗ ಅಮೆರಿಕದಲ್ಲೇ ಹುಟ್ಟಿದವನು, ಕಾಲೇಜು ತಂಡದಲ್ಲಿದ್ದಾನೆ. ಕಾರು ಮಾರುವವರೊಬ್ಬರು ಒಂದು ಜಾಹೀರಾತಿಗೆ 3,000 ಡಾಲರ್ ಕೊಡುತ್ತಾರಂತೆ. ತೆಗೆದುಕೊಳ್ಳಬಹುದೇ?

ಉತ್ತರ: ತೆಗೆದುಕೊಳ್ಳಬಹುದು. ಡಿವಿಷನ್ 1ರಲ್ಲಿ 600 ಡಾಲರ್ ಅಥವಾ ಹೆಚ್ಚಿನ ಪ್ರತಿ ಒಪ್ಪಂದವನ್ನೂ 5 ಕೆಲಸದ ದಿನಗಳೊಳಗೆ ಇಂಥ ಒಪ್ಪಂದಗಳನ್ನು ಪರಿಶೀಲಿಸುವ 'ಎನ್‌ಐಎಲ್ ಗೋ' ವ್ಯವಸ್ಥೆಯಲ್ಲಿ ದಾಖಲಿಸಬೇಕು. ಕಾರು ಮಾರುವವರು ಆ ಕಾಲೇಜಿಗೆ 50,000 ಡಾಲರ್‌ಗಿಂತ ಹೆಚ್ಚು ದೇಣಿಗೆ ಕೊಟ್ಟವರಾದರೆ ಪರಿಶೀಲನೆ ಬಿಗಿಯಾಗುತ್ತದೆ. ಜಾಹೀರಾತು ನಿಜವಾದ ವ್ಯಾಪಾರದ ಉದ್ದೇಶಕ್ಕೋ, ಮೊತ್ತ ಮಾರುಕಟ್ಟೆಗೆ ಹೊಂದುತ್ತದೆಯೋ ಎಂದು ನೋಡುತ್ತಾರೆ. ಒಪ್ಪಿಗೆ ಸಿಗದಿದ್ದರೆ ಮೊತ್ತ ತಿದ್ದಿ ಮತ್ತೆ ಸಲ್ಲಿಸಬಹುದು. ಒಪ್ಪಿಗೆಯಿಲ್ಲದೆ ಹಣ ಪಡೆದರೆ ಆಡುವ ಅರ್ಹತೆಗೇ ಕುತ್ತು.

ಇದು ಸ್ವಂತ ಉದ್ಯೋಗದ ಆದಾಯ. ಖರ್ಚು ಕಳೆದು ವರ್ಷಕ್ಕೆ 400 ಡಾಲರ್ ಉಳಿದರೂ ತೆರಿಗೆ ವಿವರ ಸಲ್ಲಿಸಬೇಕು. ಆದಾಯ ತೆರಿಗೆಯ ಜೊತೆಗೆ 15.3% ಸ್ವ-ಉದ್ಯೋಗ ತೆರಿಗೆಯೂ ಬೀಳುತ್ತದೆ. ಬಂದ ಹಣದಲ್ಲಿ ಕಾಲು ಭಾಗವನ್ನು ಮುಟ್ಟದೆ ಬೇರೆ ಖಾತೆಯಲ್ಲಿಡಲು ಹೇಳಿ.

ಪ್ರಶ್ನೆ: ಇಷ್ಟೆಲ್ಲ ಗೊಂದಲವನ್ನು ಎನ್‌ಸಿಎಎ ಒಂದೇ ನಿಯಮ ಮಾಡಿ ಯಾಕೆ ಬಗೆಹರಿಸುವುದಿಲ್ಲ?

ಉತ್ತರ: ಆ ಅಧಿಕಾರ ಅದರ ಕೈಯಿಂದ ಜಾರಿ ನಲವತ್ತು ವರ್ಷವಾಯಿತು. 1984ರಲ್ಲಿ ಸುಪ್ರೀಂ ಕೋರ್ಟ್ ಟಿವಿ ಹಕ್ಕಿನ ಮೇಲಿನ ಅದರ ಹಿಡಿತವನ್ನು ಮುರಿಯಿತು, ದೊಡ್ಡ ಹಣ ಕಾನ್ಫರೆನ್ಸ್‌ಗಳ (ಒಟ್ಟಾಗಿ ಆಡುವ ಕಾಲೇಜುಗಳ ಕೂಟಗಳ) ಕಡೆ ಹರಿಯಿತು. ಚಾಂಪಿಯನ್ ಯಾರೆಂದು ತೀರ್ಮಾನಿಸುವ 12 ತಂಡಗಳ ಈಗಿನ ಫುಟ್‌ಬಾಲ್ ಪ್ಲೇಆಫ್ ನಡೆಸುವುದೂ ಎನ್‌ಸಿಎಎ ಅಲ್ಲ, 10 ಕಾನ್ಫರೆನ್ಸ್‌ಗಳು ಮತ್ತು ನೋಟರ್ ಡೇಮ್ ವಿಶ್ವವಿದ್ಯಾಲಯ. ಆಟಗಾರರ ಓದಿನ ಸೌಲಭ್ಯಗಳಿಗೆ ಹಾಕಿದ್ದ ಮಿತಿಯ ಕುರಿತ 2021ರ 'ಆಲ್ಸ್ಟನ್' ಮೊಕದ್ದಮೆಯಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪಿತ್ತರು. ಅಲ್ಲಿಂದೀಚೆಗೆ ಅದು ಯಾವ ಮಿತಿ ಹಾಕಿದರೂ ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಮೊಕದ್ದಮೆ ಬೀಳುವ ಭಯ. 'ಹೌಸ್' ಒಪ್ಪಂದದ ಹಿಂದಿನ ಆಟಗಾರರಿಗೆ ಕೊಡಬೇಕಾದ 280 ಕೋಟಿ ಡಾಲರ್ ಬಾಕಿ, 2025-26ಕ್ಕೆ ಪ್ರತಿ ವಿಶ್ವವಿದ್ಯಾಲಯ ಆಟಗಾರರಿಗೆ ಹಂಚಬಹುದಾದ 2 ಕೋಟಿ 5 ಲಕ್ಷ ಡಾಲರ್‌ಗಳ ಮಿತಿ, ಇವೆರಡೂ ಹುಟ್ಟಿದ್ದು ಮೊಕದ್ದಮೆಯಿಂದಲೇ. ಆಟಗಾರರನ್ನು ನೌಕರರೆಂದು ಒಪ್ಪಿ, ಅವರ ಸಂಘದೊಡನೆ ಕೂತು ಮಾತಾಡಿ ಮಿತಿ ನಿಗದಿಮಾಡಿದರೆ ಅದು ಕೋರ್ಟಿನಲ್ಲಿ ನಿಲ್ಲುತ್ತದೆ. ವೃತ್ತಿಪರ ಲೀಗ್‌ಗಳು ನಡೆಯುತ್ತಿರುವುದು ಹಾಗೆಯೇ. ಕಾಲೇಜುಗಳು ಆ ಒಂದು ಹೆಜ್ಜೆಯನ್ನು ಮುಂದೂಡುತ್ತಲೇ ಬಂದಿವೆ, ಬೆಲೆ ತೆರುತ್ತಿರುವವರು ಹದಿನೆಂಟರ ಹುಡುಗರು.